ಟೈಪಾಗದೆ ಉಳಿದ ನಲವತ್ತೆರಡು ಚೀಟಿ

ನಾಲ್ಕು ಜನರೆದುರು ಬಾಯಿ ತೆರೆದರೆ ನನ್ನ ಧ್ವನಿ ನಡುಗುತ್ತದೆ. ಬಿ.ಎ. ಮುಗಿದರೂ ಅದು ಹೋಗಿಲ್ಲ. ಇದನ್ನು ಡೈರಿಗಷ್ಟೇ ಹೇಳಿಕೊಂಡಿದ್ದೇನೆ. ಗೆಳತಿ ತೇಜಸ್ವಿನಿಗೆ ಈ ಕಷ್ಟವಿಲ್ಲ.

2017ರ ಜನವರಿಯಲ್ಲಿ ನಾವಿಬ್ಬರೂ ಯಲಹಂಕದ ಒಂದು ಪುಟ್ಟ ಸಂಸ್ಥೆಗೆ ಎರಡು ತಿಂಗಳ ಕೆಲಸಕ್ಕೆ ಸೇರಿದ್ದೆವು. ವಾರ್ಡಿನ ಬಜೆಟ್ಟಿನಲ್ಲಿ ಏನಾಗಬೇಕೆಂದು ಜನರೇ ಚೀಟಿಯಲ್ಲಿ ಬರೆದುಕೊಡುವುದು, ಅವನ್ನು ನಾವು ಮನೆಮನೆಯಿಂದ ತರುವುದು, ಕೊನೆಗೆ ಪಟ್ಟಿ ಮಾಡಿ, ಸಭೆಯಲ್ಲಿ ಜನರ ಒಪ್ಪಿಗೆ ಪಡೆದು ಪಾಲಿಕೆಗೆ ಒಪ್ಪಿಸುವುದು. ನಾನು ಬಾಗಿಲು ತಟ್ಟಿದರೆ ಕಿಟಕಿಯಿಂದಲೇ "ಏನ್ರೀ, ಸೇಲ್ಸಾ? ಬೇಡ" ಅನ್ನುತ್ತಿದ್ದರು. ಅವಳನ್ನು ಒಳಗೆ ಕರೆದು ಕಾಫಿ ಕೊಡುತ್ತಿದ್ದರು. ಒಂದು ದಿನ ಕನಕಾಂಬರ ಮುಡಿದು ಬಂದಳು.

"ಸುಬ್ಬಮ್ಮಜ್ಜಿ ಮುಡಿಸಿದ್ರು ಕಣೇ, ಬಿಡ್ಲೇ ಇಲ್ಲ."

ಆ ಹೂವು ಸಂಜೆಯವರೆಗೂ ಬಾಡಲಿಲ್ಲ. ನಾನು ನೋಡುತ್ತಲೇ ಇದ್ದೆ.

ಸ್ವಲ್ಪ ದಿನಕ್ಕೇ ನನ್ನನ್ನು ಚೀಟಿಗಳ ಟೈಪಿಂಗಿಗೆ ಹಾಕಿದರು. ಸಭೆಗೆ ಎರಡು ದಿನ ಇರುವಾಗ ಮೇಲ್ವಿಚಾರಕ ನಂದಕುಮಾರ್ ಸರ್ ಬಂದು ನಿಂತರು.

"ಟೈಪಿಂಗ್ ದುಡ್ಡು ಮುಗೀತಮ್ಮ. ಫ್ಲೆಕ್ಸು, ಮೈಕ್ ಆಟೋ, ಕುರ್ಚಿ ಬಾಡಿಗೆ ಎಲ್ಲಾ ನುಂಗ್‌ಬಿಡ್ತು. ಇವತ್ತಿಗೆ ನಿಲ್ಸಿ. ಒಂದ್ ಕಟ್ಟು ಉಳಿದ್ರೂ ಪರ್ವಾಗಿಲ್ಲ."

"ಯಾವ್ದನ್ನ ಬಿಡ್ಲಿ ಸರ್?"

"ಯಾವ್ದಾದ್ರೂ ಬಿಡಿ. ಜನಾನ ಕೇಳೋಕೇ ಇಷ್ಟು ಖರ್ಚಾದ್ರೆ, ಕೇಳಿಸ್ಕೊಳ್ಳೋಕೆ ಎಲ್ಲಿಂದ ತರ್ಲಿ" ಎಂದು ನಕ್ಕರು.

ಮೇಜಿನ ಮೇಲೆ ಎರಡು ಕಟ್ಟುಗಳಿದ್ದವು. ಒಂದು ಮೊದಲ ವಾರ ನಾನು ತಂದದ್ದು. ಇನ್ನೊಂದು ಅವಳದು, ಸುಬ್ಬಮ್ಮನ ಬೀದಿಯ ನಲವತ್ತೆರಡು ಚೀಟಿ. ಎಲ್ಲದರಲ್ಲೂ ಒಂದೇ ಬೇಡಿಕೆ: ಮೋರಿಗೆ ಚಪ್ಪಡಿ ಹಾಕಿಸಿ. ಒಂದು ಗಂಟೆಯ ಕೆಲಸ, ಪುಕ್ಕಟೆ ಮಾಡಿಬಿಡಬಹುದಿತ್ತು. ನನ್ನದನ್ನು ಟೈಪ್ ಮಾಡಿದೆ. ಅವಳದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಅಂದು ಡೈರಿ ಬರೆಯಲಿಲ್ಲ.

ಭಾನುವಾರ ಸಮುದಾಯ ಭವನದಲ್ಲಿ ಸಭೆ. ತೇಜಸ್ವಿನಿ ಮೈಕಿನಲ್ಲಿ ಪಟ್ಟಿ ಓದಿದಳು. ಜನ ಕೈಯೆತ್ತಿ ಒಪ್ಪಿದರೆ ಮುಗಿಯಿತು, ಆಮೇಲೆ ಏನೂ ಸೇರುವುದಿಲ್ಲ. ಮೊದಲ ಸಾಲಿನಲ್ಲಿ ಸುಬ್ಬಮ್ಮ ಕೋಲೂರಿ ಎದ್ದರು.

"ನಮ್ ಬೀದಿ ಬರ್ಲೇ ಇಲ್ವಲ್ಲವ್ವಾ. ನಿನ್ ಕೈಗೆ ತಾನೆ ಕೊಟ್ಟಿದ್ದು? ಆ ಮೋರಿಗೆ ಬಿದ್ದೇ ನನ್ ಕಾಲು ಇಂಗಾಗಿರೋದು."

ತೇಜಸ್ವಿನಿ ಹಾಳೆಗಳನ್ನು ಎರಡು ಸಲ ತಿರುವಿದಳು.

"ನಾನೇ ಎಲ್ಲೋ ಬೀಳಿಸ್ಕೊಂಡಿರ್ಬೇಕು ಅಜ್ಜಿ. ತಪ್ಪಾಯ್ತು."

"ಹೂ ಮುಡಿಸ್ಕೊಳ್ಳೋಕ್ ಮಾತ್ರ ಬತ್ತಾರೆ" ಎಂದು ಹಿಂದಿನಿಂದ ಯಾರೋ ಅಂದರು. ಅವಳ ಕಣ್ಣು ತುಂಬಿತು. ಮಾಡದ ತಪ್ಪು ಒಪ್ಪಿಕೊಳ್ಳುವಾಗಲೂ ಅವಳೇ ಚೆನ್ನಾಗಿ ಕಾಣುತ್ತಾಳಲ್ಲ ಎಂದು ಆಗಲೂ ನನಗೆ ಹೊಟ್ಟೆ ಉರಿಯಿತು.

"ಆಯ್ತಮ್ಮ, ಮುಂದಿನ್ ವರ್ಷ ನೋಡೋಣ" ಎಂದರು ನಂದಕುಮಾರ್ ಸರ್. "ಒಪ್ಪಿಗೆ ಇರೋರು ಕೈಯೆತ್ತಿ."

ಕೈಗಳು ಏಳತೊಡಗಿದವು. ಸುಬ್ಬಮ್ಮ ಕೂರಲಿಲ್ಲ. ನಾನು ಬ್ಯಾಗ್ ಅವುಚಿಕೊಂಡು ಎದ್ದೆ. ಧ್ವನಿ ನಡುಗಿತು.

"ಅವಳು ತಂದ್ಕೊಟ್ಟಿದ್ಲು. ಹೊಟ್ಟೆಕಿಚ್ಚಿಗೆ ನಾನೇ ಬಿಟ್ಟೆ. ಕಟ್ಟು ಇಲ್ಲೇ ಇದೆ."