ಏಳನೆಯ ಸಿಲಿಂಡರ್

ಆರು ಸಿಲಿಂಡರಿನ ಪಿಕಪ್ ಕೊಂಡಾಗ ನನಗೆ ಪಿತ್ತ ನೆತ್ತಿಗೇರಿದೆ ಎಂದು ನಮ್ಮ ಬೀದಿಯವರೆಲ್ಲ ಮಾತಾಡಿಕೊಂಡರು. ಗಾಜು ಸಾಗಿಸುವ ಹೆಂಗಸಿಗೆ ಅಷ್ಟು ದೊಡ್ಡ ಎಂಜಿನ್ ಯಾಕಂತೆ, ರೇಸಿಗೆ ಹೋಗುತ್ತಾಳಂತಾ ಎಂದು ಕೇಳಿದವರೂ ಉಂಟು. ನಾನು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಉತ್ತರ ತೀರಾ ಸಣ್ಣದು. ಮೊದಲಿದ್ದ ನಾಲ್ಕು ಸಿಲಿಂಡರಿನ ಗಾಡಿ ನಿಂತಲ್ಲೇ ನಡುಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಹಿಂದೆ ಕಟ್ಟಿದ ಗಾಜುಗಳೆಲ್ಲ ಚಳಿ ಹಿಡಿದವರ ಹಾಗೆ ಕಟಕಟ ಹಲ್ಲು ಕಡಿಯುತ್ತಿದ್ದವು. ಹಸಿರು ದೀಪ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು. ಇದು ಹಾಗಲ್ಲ. ಸಾಲಾಗಿ ನಿಂತ ಆರೂ ಒಂದರ ನಡುಕವನ್ನು ಇನ್ನೊಂದು ನುಂಗಿಕೊಳ್ಳುತ್ತವೆ. ಎಂಜಿನ್ ಓಡುತ್ತಿರುವಾಗ ಬಾನೆಟ್ ಮೇಲೆ ಟೀ ಲೋಟ ಇಟ್ಟರೂ ತುಳುಕುವುದಿಲ್ಲ.

ಹಾಗಂತ ಹೊಸ ಗಾಡಿಯೇನಲ್ಲ. ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ, ಹಿಂದಿನ ಮಾಲೀಕ ಅದೆಲ್ಲಿ ಗುದ್ದಿದ್ದನೋ ಒಂದು ಬಾಗಿಲು ಬಡಿಯದೆ ಮುಚ್ಚಿಕೊಳ್ಳುವುದಿಲ್ಲ. ಆದರೂ ಬೆಳಿಗ್ಗೆ ಕೀ ತಿರುಗಿಸಿ ಅದರ ಗುನುಗು ಕೇಳಿದರೆ ಇವತ್ತಿಗೂ ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮನೆಯವರು ಗಾಜು ಕೊಯ್ಯುತ್ತಾರೆ, ನಾನು ಸಾಗಿಸುತ್ತೇನೆ. ಅವರು ಸ್ಟೀರಿಂಗ್ ಹಿಡಿದರೆ ಅಂಗೈ ಬೆವರುತ್ತದೆ, ಹಾಗಾಗಿ ಆ ವಿಷಯದಲ್ಲಿ ನಮ್ಮಲ್ಲಿ ಜಗಳವಿಲ್ಲ.

ಅತ್ತೆಗೆ ಮಾತ್ರ ಈ ಗಾಡಿಯನ್ನು ಕಂಡರಾಗುತ್ತಿರಲಿಲ್ಲ. ತಪ್ಪು ಅವರ ಮಗನದೇ. ಗಾಡಿ ಬಂದ ದಿನ ಊಟಕ್ಕೆ ಕೂತಾಗ, "ಅಮ್ಮಾ, ಇದಕ್ಕೆ ಆರು ಸಿಲಿಂಡರ್ ಇದೆ ಗೊತ್ತಾ" ಎಂದು ಜಂಬದಿಂದ ಹೇಳಿಬಿಟ್ಟರು. ಅತ್ತೆಗೆ ಗೊತ್ತಿದ್ದ ಸಿಲಿಂಡರ್ ಒಂದೇ, ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ ಗ್ಯಾಸಿನದು.

"ಮನೇಲಿ ಒಂದನ್ನ ಇಟ್ಕೊಂಡೇ ನಂಗೆ ನಿದ್ದೆ ಬರಲ್ಲ. ನಿನ್ನ ಹೆಂಡ್ತಿ ಆರರ ಮೇಲೆ ಕೂತ್ಕೊಂಡು ಊರೆಲ್ಲ ಸುತ್ತುತ್ತಾಳಾ?"

"ಅತ್ತೆ, ಅದು ಗ್ಯಾಸಿಂದಲ್ಲ. ಎಂಜಿನ್ ಒಳಗಿರೋದು" ಎಂದೆ.

"ಒಳಗೆ ಬೆಂಕಿ ಹತ್ತುತ್ತೋ ಇಲ್ವೋ, ಅದು ಹೇಳು."

"ಹತ್ತುತ್ತೆ, ಆದ್ರೆ..."

"ಆರು ಅಂದ ತಕ್ಷಣ ಬೆಂಕಿ ಆರಿಬಿಡುತ್ತಾ?"

ನಮ್ಮನೆಯವರು ತಟ್ಟೆ ನೋಡಿಕೊಂಡು ನಗುತ್ತಿದ್ದರು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಅಂಗಡಿ ಬಾಗಿಲಲ್ಲಿ ಅವರದೊಂದು ಕುರ್ಚಿ ಇತ್ತು, ಅಲ್ಲಿಂದ ಸುದ್ದಿ ಇಡೀ ಬೀದಿಗೆ ಹರಡಿತು. ಒಂದು ಸಂಜೆ ಎದುರುಮನೆಯಾಕೆ ಬಂದು, "ನಿಮ್ಮ ಗಾಡೀಲಿ ಆರು ಇದೆಯಂತಲ್ಲ, ನಮ್ಮದು ಖಾಲಿಯಾಗಿದೆ, ಒಂದು ಕೊಡಿ, ನಮ್ಮದು ಬಂದ ತಕ್ಷಣ ವಾಪಸ್ ಕೊಡ್ತೀನಿ" ಎಂದರು. ನಾನು ಬಾನೆಟ್ ಎತ್ತಿ, ಯಾವುದು ಬೇಕೋ ಬಿಚ್ಚಿಕೊಂಡು ಹೋಗಿ ಎಂದೆ. ಆಮೇಲೆ ಆಕೆ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ನಾನು ಗಾಡಿ ಹೊರಡಿಸಿದಾಗಲೆಲ್ಲ ಅತ್ತೆ ಕುರ್ಚಿ ಬಿಟ್ಟೆದ್ದು ಒಳಗೆ ಹೋಗುತ್ತಿದ್ದರು. ಸದ್ದು ತಿರುವು ದಾಟಿತು ಎಂದಾದ ಮೇಲೆಯೇ ಹೊರಗೆ ಬರುತ್ತಿದ್ದುದು. ಹೀಗೆ ಮೂಗು ಮುರಿಯುತ್ತಲೇ ನನ್ನ ಮಗಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದವರು ಅವರು. ನಾನು ಎಷ್ಟು ಹೊತ್ತಿಗೆ ಬಂದರೂ ನನ್ನ ಊಟ ಮುಚ್ಚಿಟ್ಟಿರುತ್ತಿದ್ದವರೂ ಅವರೇ. ಬೈಗುಳ ಒಂದು ಕಡೆ, ಕೆಲಸ ಒಂದು ಕಡೆ.

ಕಳೆದ ಚಳಿಗಾಲದಲ್ಲಿ ಅವರಿಗೆ ಹಿಡಿದ ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಯಿಂದ ಜೀವಂತವಾಗಿ ಬಂದದ್ದೇ ದೊಡ್ಡದು. ಬರುವಾಗ ಆಕ್ಸಿಜನ್ ಜೊತೆಗೆ ಬಂತು. ಮೆಟ್ಟಿಲು ಹತ್ತುವುದು ಬೇಡವೆಂದು ಅಂಗಡಿಯ ಹಿಂದೆ ಮಾಡಿಕೊಟ್ಟ ಕೋಣೆಗೊಂದು ದೊಡ್ಡ ಸಿಲಿಂಡರ್, ಹೊರಗೆ ಒಯ್ಯಲು ಒಂದು ಪುಟ್ಟದು, ಮೂಗಿಗೆ ತೆಳ್ಳಗಿನ ನಳಿಕೆ. ದಿನಾ ಸ್ವಲ್ಪ ಹೊತ್ತಾದರೂ ಹೊರಗೆ ಕರೆದುಕೊಂಡು ಹೋಗಿ, ಮಲಗಿಯೇ ಇದ್ದರೆ ಇರುವ ಶಕ್ತಿಯೂ ಹೋಗುತ್ತದೆ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದರು.

"ಈ ಮೂಗುದಾರ ಹಾಕ್ಕೊಂಡು ನಾನು ಬೀದಿಗೆ ಬರಲ್ಲ. ಎತ್ತು ಅಂತಾರೆ" ಎಂದರು ಅತ್ತೆ.

ಪರದೆ ಎಳೆಸಿದರು. ಬಾಗಿಲಲ್ಲಿದ್ದ ಕುರ್ಚಿಯನ್ನು ಒಳಗೆ ಇಡಿಸಿದರು. ಯಾರಾದರೂ ನೋಡಲು ಬಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು. ಇಡೀ ಬೀದಿಯ ಸುದ್ದಿ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದವರು ನೀರು ಬೇಕು, ಸಾಕು ಎಂಬಷ್ಟಕ್ಕೆ ಬಂದು ನಿಂತರು. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತಿತ್ತು. ಇವರು ಆ ಕೋಣೆಯಲ್ಲೇ ಕೂತು ಒಣಗಿ ಹೋಗುತ್ತಾರೆ ಎಂಬ ಭಯ ನನಗೆ ಹಿಡಿಯಿತು. ನನ್ನನ್ನು ಬೈಯುವವರೂ ಇಲ್ಲದ ಮನೆ ಮನೆಯ ಹಾಗೇ ಇರಲಿಲ್ಲ.

ಒಂದು ಮಧ್ಯಾಹ್ನ ಹೊರಡುವ ಮುಂಚೆ ಅವರಿಗೆ ಟೀ ಕೊಡಲು ಹೋದೆ.

"ಇವತ್ತು ಗಾಜು ಯಾರಿಗೆ?" ಎಂದರು, ಪರದೆಯ ಕಡೆ ನೋಡುತ್ತಾ.

"ಲೈಬ್ರರಿಗೆ."

"ಇಷ್ಟು ವರ್ಷ ಗಾಜು ಹೋಗೋದನ್ನೇ ನೋಡಿದೀನಿ. ಎಲ್ಲಿ ಹೋಗಿ ಕೂತ್ಕೊಳ್ತೋ, ಒಂದೂ ನೋಡ್ಲಿಲ್ಲ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. "ಬನ್ನಿ, ತೋರಿಸ್ತೀನಿ."

"ಆ ಗಾಡೀಲಾ? ಅದಕ್ಕೆ ಹತ್ತೋಕೆ ಏಣಿ ಬೇಕು."

"ಏಣಿ ಹಾಕಿಸ್ತೀನಿ."

ಮುಖ ತಿರುಗಿಸಿದರು, ಆದರೆ ಬೇಡ ಎನ್ನಲಿಲ್ಲ. ಅತ್ತೆಯ ಬಾಯಲ್ಲಿ ಬೇಡ ಬರಲಿಲ್ಲವೆಂದರೆ ಅರ್ಧ ಕೆಲಸ ಆದ ಹಾಗೆ. ನಾನು ಲೈಬ್ರರಿಯ ಗಾಜು ಇಳಿಸಿ ಸೀದಾ ಮೆಕ್ಯಾನಿಕ್ ಹತ್ತಿರ ಹೋದೆ. ಎಂಥ ರಿಪೇರಿಗೂ ಹತ್ತೇ ನಿಮಿಷ ಅಕ್ಕಾ ಎನ್ನುತ್ತಾನೆಂದು ಅವನಿಗೆ ಹತ್ನಿಮಿಷ ಎಂದೇ ಹೆಸರು. ನಾನು ಗಾಡಿಗೆ ಏನೋ ಹಾಕಿಸಬೇಕು ಎಂದ ಕೂಡಲೇ ಅವನ ಕಣ್ಣು ಅರಳಿತು.

"ಕೊನೆಗೂ ಮನಸ್ಸು ಮಾಡಿದ್ರಲ್ಲ! ಟರ್ಬೊ ಹಾಕೋಣ್ವಾ? ದಪ್ಪ ಟೈರು?"

"ಮೆಟ್ಟಿಲು ಹಾಕು."

"ಏನು?"

"ಕಾಲಿಡೋಕೆ ಒಂದು ಮೆಟ್ಟಿಲು. ಕೈಗೆ ಒಂದು ಹಿಡಿಕೆ. ನಮ್ಮತ್ತೆ ಹತ್ಬೇಕು."

"ಅಕ್ಕಾ, ಇದು ಆರು ಸಿಲಿಂಡರ್ ಗಾಡಿ" ಎಂದ, ಅಳುವವನ ಹಾಗೆ. ಆದರೂ ಮಾಡಿದ. ಅದೂ ಎಷ್ಟು ಚೆನ್ನಾಗಿ! ಅಗಲವಾದ ಮೆಟ್ಟಿಲು ಬೆಸೆದು, ಕಾಲು ಜಾರದ ಹಾಗೆ ಮೇಲೆ ರಬ್ಬರ್ ಅಂಟಿಸಿದ. ಹಿಡಿಕೆ ಎಷ್ಟೆತ್ತರಕ್ಕೆ ಬೇಕೆಂದು ನೋಡಲು ತನ್ನ ತಾಯಿಯನ್ನೇ ಕರೆತಂದು ಹತ್ತಿಸಿ ಇಳಿಸಿದ. ಸವೆದ ಶಾಕ್ ಅಬ್ಸಾರ್ಬರ್ ತೆಗೆದು ಮೆತ್ತಗಿನವನ್ನು ಕೂರಿಸಿದ. ನಮ್ಮನೆಯವರು ಸೀಟಿನ ಹಳೆ ಸ್ಪಾಂಜು ಕಿತ್ತು ಹೊಸದನ್ನು ಕತ್ತರಿಸಿ ತುಂಬಿದರು. ಆಮೇಲೆ ಪುಟ್ಟ ಸಿಲಿಂಡರ್ ನೆಟ್ಟಗೆ ನಿಲ್ಲಲು ಸೀಟಿನ ಹಿಂದೆ ಒಂದು ಕಬ್ಬಿಣದ ಗೂಡು ಮಾಡಿಸಿ, ಗಾಜಿನ ನಡುವೆ ಇಡುವ ದಪ್ಪ ಬಟ್ಟೆಯನ್ನೇ ಅದರೊಳಗೆ ಸುತ್ತಿದರು. ಖಾಲಿ ಪಿಕಪ್ ಎತ್ತಿ ಒಗೆಯುತ್ತದೆ, ಭಾರವಿದ್ದರೆ ಮೆತ್ತಗೆ ಹೋಗುತ್ತದೆ. ಅದಕ್ಕೆ ಹಿಂದೆ ಮರಳಿನ ಚೀಲ ಜೋಡಿಸಿದ್ದು ನಾನು.

ಎಲ್ಲ ಮುಗಿದ ಮೇಲೆ ಹತ್ನಿಮಿಷ ಕೈ ಒರೆಸಿಕೊಳ್ಳುತ್ತಾ, "ಈಗ ಇದು ಏಳು ಸಿಲಿಂಡರ್ ಗಾಡಿ ಅಕ್ಕಾ" ಎಂದ. ನಾನು ಮನೆಗೆ ಬಂದು ಅದನ್ನೇ ಅತ್ತೆಗೆ ಹೇಳಿದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಆರಕ್ಕೇ ಅಷ್ಟು ರಂಪ ಮಾಡಿದವರು.

ಅತ್ತೆ ಮೂಗಿನ ನಳಿಕೆಯನ್ನು ಮುಟ್ಟಿ ನೋಡಿಕೊಂಡರು. "ಏಳನೇದು ನಂದಾ?"

"ನಿಮ್ಮದೇ."

"ಆರು ಅಂದಾಗ ಆರ್ಲಿಲ್ಲ. ಈಗ ಏಳು ಅಂತಿದೀಯ, ಏಳ್ಬೇಕು ತಾನೇ" ಎಂದು ಹಾಸಿಗೆಯಿಂದ ಕಾಲು ಕೆಳಗಿಟ್ಟರು.

ಆದರೆ ಷರತ್ತು ಹಾಕಿದರು. ಬೀದಿ ಏಳುವ ಮುಂಚೆ ಹೊರಡಬೇಕು, ಹಿಂದಿನ ಓಣಿಯಿಂದ ಹೋಗಿ ಹಿಂದಿನ ಓಣಿಯಿಂದಲೇ ಬರಬೇಕು, ಯಾರ ಕಣ್ಣಿಗೂ ಬೀಳಬಾರದು. ಮಾರನೆಯ ದಿನ ಬೆಳಕು ಬಿಡುತ್ತಿದ್ದಂತೆ ಓಣಿಯಲ್ಲಿ ಗಾಡಿ ನಿಲ್ಲಿಸಿದೆ. ಅತ್ತೆ ಶಾಲನ್ನು ಮೂಗಿನವರೆಗೂ ಎಳೆದುಕೊಂಡಿದ್ದರು. ನಾನು ಎತ್ತಲು ಹೋದರೆ ಕೈ ಕೊಡವಿದರು. ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿಕೆ ಹಿಡಿದು, ಒಂದು ಉಸಿರು ತೆಗೆದುಕೊಂಡು, ತಾವೇ ಹತ್ತಿ ಕೂತರು. ನರ್ಸ್ ಹೇಳಿಕೊಟ್ಟಿದ್ದ ಹಾಗೆ ಸಿಲಿಂಡರಿಗೆ ಬೆಲ್ಟು ಬಿಗಿದು, ಕಿಟಕಿ ಸ್ವಲ್ಪ ತೆರೆದಿಟ್ಟೆ. ಕೀ ತಿರುಗಿಸಿದಾಗ ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಏನೂ ಸಿಡಿಯಲಿಲ್ಲ.

ಲೈಬ್ರರಿ ತೋರಿಸಿದೆ. ಬಸ್ ನಿಲ್ದಾಣದ ಟಿಕೆಟ್ ಕೌಂಟರು, ಬೇಕರಿ, ಶಾಲೆಯ ಮಹಡಿ ಎಲ್ಲ ತೋರಿಸಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ.

"ಗಾಜು ಎಲ್ಲೇ?"

"ಎದುರಿಗೇ ಇದೆಯಲ್ಲ ಅತ್ತೆ."

"ಏನೂ ಕಾಣಲ್ವಲ್ಲ."

"ಕಾಣದಿದ್ರೆ ಚೆನ್ನಾಗಿ ಕೂತಿದೆ ಅಂತ ಅರ್ಥ."

ಹೂಂಗುಟ್ಟಿದರು. ರಸ್ತೆ ಖಾಲಿಯಿತ್ತು, ಗಾಡಿ ತೊಟ್ಟಿಲ ಹಾಗೆ ಹೋಗುತ್ತಿತ್ತು. ಬಹಳ ದಿನದಿಂದ ಹೇಳಬೇಕೆಂದಿದ್ದದ್ದು ಆಗ ಬಾಯಿಗೆ ಬಂತು.

"ನೀವು ಆಸ್ಪತ್ರೇಲಿದ್ರಲ್ಲ, ಆಗ ನನಗೂ ನಿಮ್ಮ ಮಗನಿಗೂ ಕಾಲಿಗೆ ಗಾಜು ಚುಚ್ಚಿತ್ತು ಅತ್ತೆ. ಇಬ್ರೂ ಕುಂಟ್ಕೊಂಡು ನಿಮ್ಮನ್ನ ನೋಡೋಕೆ ಬರ್ತಿದ್ವಿ."

"ಗುಡಿಸ್ಲಿಲ್ವಾ?"

"ಗುಡಿಸಿದ್ವಿ. ಒದ್ದೆ ಬಟ್ಟೇಲಿ ಒರೆಸಿದ್ವಿ."

"ಉಂಡೆ ಉರುಳಿಸಿದ್ರಾ?"

"ಯಾವ ಉಂಡೆ?"

ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ನಾದಿದ ಹಿಟ್ಟಿನ ಉಂಡೆ ಕಣೇ. ನೆಲದ ಮೇಲೆ ಒತ್ತಿ ಒತ್ತಿ ಉರುಳಿಸ್ಬೇಕು. ಕಣ್ಣಿಗೆ ಕಾಣದ ಚೂರೆಲ್ಲ ಅದಕ್ಕೆ ಅಂಟ್ಕೊಳ್ಳುತ್ತೆ. ಪೊರಕೆಗೆ ಅವೆಲ್ಲ ಎಲ್ಲಿ ಸಿಗುತ್ತೆ? ನೀವು ಏಳೋಕೆ ಮುಂಚೆ ದಿನಾ ಮಾಡ್ತಿದ್ದೆನಲ್ಲ."

ನಾನು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಗಾಜಿನಂಗಡಿಯ ಮನೆಯಲ್ಲಿ ನನ್ನ ಮಗಳು ಅಂಬೆಗಾಲಿಟ್ಟು ಬೆಳೆದಿದ್ದಳು. ಅವಳ ಅಂಗೈಗೆ ಒಂದು ಚೂರೂ ಚುಚ್ಚಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ, ಹೇಳಿದರೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಾರೆ. ಆದರೂ ಹೇಳಿದೆ.

"ನೀವು ಮನೇಲಿದ್ರಿ ಅಂತ ನಾನು ಧೈರ್ಯವಾಗಿ ಹೊರಗೆ ಓಡಾಡಿದೆ. ಈ ಗಾಡೀಲಿ ಅರ್ಧ ನಿಮ್ಮದು ಅತ್ತೆ."

"ಯಾವ ಅರ್ಧ? ಬೆಂಕಿ ಇರೋ ಅರ್ಧನಾ?" ಎಂದರು. ಆದರೆ ಗೇರಿನ ಮೇಲಿದ್ದ ನನ್ನ ಕೈ ಮೇಲೆ ಅವರ ಕೈ ಬಂದು ಕೂತಿತು, ನಾನು ಮತ್ತೆ ಗಾಡಿ ಹೊರಡಿಸುವ ತನಕ ಅಲ್ಲೇ ಇತ್ತು.

ವಾಪಸ್ ಬರುವ ದಾರಿಯಲ್ಲಿ ಬಟ್ಟೆ ಅಂಗಡಿಯೊಂದಿದೆ. ನಾವು ಹಾಕಿದ ಗಾಜುಗಳಲ್ಲೆಲ್ಲ ದೊಡ್ಡದು ಅದರ ಮುಂಭಾಗದ್ದು. ಇನ್ನೂ ಬಾಗಿಲು ತೆರೆದಿರಲಿಲ್ಲ, ಒಳಗೆ ಕತ್ತಲೆ, ಹಾಗಾಗಿ ಇಡೀ ರಸ್ತೆ ಅದರಲ್ಲಿ ಕಾಣುತ್ತಿತ್ತು. ಮನೆಯ ಕನ್ನಡಿಗೂ ಬಟ್ಟೆ ಹಾಕಿಸಿದ್ದವರು ಇವರು. ನಾನು ಬೇಗ ದಾಟಿಬಿಡೋಣ ಎಂದು ಆಕ್ಸಿಲರೇಟರ್ ಒತ್ತಿದೆ.

"ನಿಲ್ಸು" ಎಂದರು.

ನಿಲ್ಲಿಸಿದೆ. ಗಾಜಿನೊಳಗೆ ಬಣ್ಣ ಎದ್ದ ನಮ್ಮ ಪಿಕಪ್, ಅದರ ಕಿಟಕಿಯಲ್ಲಿ ಅತ್ತೆ, ಆಚೆ ನಾನು. ಶಾಲು ಜಾರಿತ್ತು, ನಳಿಕೆ ಕಾಣುತ್ತಿತ್ತು. ಅವರು ನೋಡಿದರು, ನೋಡುತ್ತಲೇ ಇದ್ದರು.

"ಅದು ನೀನಾ?"

"ನಾನೇ ಅತ್ತೆ."

"ಎಷ್ಟು ನೆಟ್ಟಗೆ ಕೂತ್ಕೊಂಡು ಓಡಿಸ್ತೀಯೇ! ನಾನು ಒಂದಿನಾನೂ ನೋಡ್ಲೇ ಇಲ್ಲ. ಸುಮ್ನೆ ಒಳಗೆ ಓಡಿ ಹೋಗ್ತಿದ್ದೆ." ಆಮೇಲೆ, "ಪಕ್ಕದಲ್ಲಿರೋ ಮುದುಕಿನೂ ಪರವಾಗಿಲ್ಲ" ಎಂದು ಬೆರಳಿನಿಂದ ಕೂದಲು ಸರಿಮಾಡಿಕೊಂಡರು. ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಮನೆ ಹತ್ತಿರ ಬಂದಾಗ ಬೀದಿ ಪೂರ್ತಿ ಎದ್ದಿತ್ತು. ನಾನು ಹಿಂದಿನ ಓಣಿಗೆ ತಿರುಗಿಸಿದೆ.

"ಎಲ್ಲಿಗೆ ಹೋಗ್ತಿದೀಯ?"

"ಓಣಿಗೆ. ನೀವೇ ಹೇಳಿದ್ರಲ್ಲ."

"ಕಳ್ಳತನ ಮಾಡ್ಕೊಂಡು ಬಂದಿದೀವಾ? ಮುಂದೆ ತಗೋ. ಹಾರ್ನ್ ಹೊಡಿ."

ಹೊಡೆದೆ. ನಮ್ಮನೆಯವರು ಗಾಜು ಕೊಯ್ಯುವ ಅಳತೆಪಟ್ಟಿ ಹಿಡಿದುಕೊಂಡೇ ಓಡಿಬಂದು, ತಾಯಿಯನ್ನು ಕಂಡು ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಎದುರುಮನೆಯಾಕೆ ಗಾಡಿಯ ಹತ್ತಿರವೇ ಬಂದರು. ಕಣ್ಣು ಅತ್ತೆಯ ಮೂಗಿನ ಮೇಲೆಯೇ ನೆಟ್ಟಿತ್ತು.

"ಅಯ್ಯೋ, ಇಂಥ ಸ್ಥಿತೀಲಿ ಎಲ್ಲಿಗೆ ಹೋಗಿದ್ರಿ?"

ಅತ್ತೆ ಅವಸರ ಮಾಡಲಿಲ್ಲ. ಹಿಡಿಕೆ ಹಿಡಿದು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬೀದಿಗೆಲ್ಲ ಕಾಣುವಷ್ಟು ಎತ್ತರದಲ್ಲಿ ನಿಂತುಕೊಂಡು ಹೇಳಿದರು.

"ಗಾಳಿ ಸೇವನೆಗೆ. ಗಾಳಿನೂ ಸ್ವಂತದ್ದು, ಗಾಡಿನೂ ಸ್ವಂತದ್ದು."

ಎದುರುಮನೆಯಾಕೆಯೇ ಮೊದಲು ನಕ್ಕರು, ಆಮೇಲೆ ಎಲ್ಲರೂ. ನಾನು ಎಂಜಿನ್ ನಿಲ್ಲಿಸಿ, ಏನೋ ಬಿದ್ದದ್ದನ್ನು ಹುಡುಕುವವಳ ಹಾಗೆ ಸ್ಟೀರಿಂಗಿನ ಕೆಳಗೆ ತಲೆ ಬಗ್ಗಿಸಿ, ಮನಸಾರೆ ಅತ್ತೆ.