ಶನಿವಾರ, ನೀಲಿ, ಕೆಂಪು

ಈ ಸಲವೂ ಕುರ್ಚಿಯನ್ನು ಅಪ್ಪನ ಬಲಗಡೆಗೇ ಎಳೆದುಕೊಂಡು ಕೂತಾಗ, ತನ್ನ ಕಳ್ಳತನ ಲಿಡಿಯಾಗೆ ತನ್ನೊಳಗೇ ಸಿಕ್ಕಿಬಿದ್ದಿತು. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಬಲಗೈ ಮರದ ತುಂಡಿನಂತಾಗಿತ್ತು. ಎಡಗೈಯಲ್ಲಿ ಮಾತ್ರ ಬಲವಿತ್ತು. ಅದು ಹಿಡಿದರೆ ಬಿಡುತ್ತಿರಲಿಲ್ಲ. ಅದಕ್ಕೇ ಅವಳು ಬಂದಾಗಲೆಲ್ಲ ಬಲಗಡೆ ಕೂರುತ್ತಿದ್ದಳು. ಹೊದಿಕೆಯ ಮೇಲೆ ಬಿದ್ದಿರುವ ಆ ಕೈಯನ್ನು ಹಿಡಿದುಕೊಂಡು ಕೂತರೆ ನೋಡುವವರ ಕಣ್ಣಿಗೆ ಒಳ್ಳೆಯ ಮಗಳು. ಕೈಗಂತೂ ಏನೂ ತಿಳಿಯುವುದಿಲ್ಲ. ‘ಇದೆಂಥ ಹೆಣ್ಣು ನಾನು’ ಎಂದು ಬರೆಯಬೇಕೆಂದು ಎಷ್ಟೋ ಸಲ ದಿನಚರಿ ತೆರೆದಿದ್ದಳು. ಅಂದು ಬಿಸಿಲೋ ಮೋಡವೋ ಅಷ್ಟನ್ನು ಬರೆದು ಮುಚ್ಚಿಟ್ಟಿದ್ದಳು.

“ಎಲ್ಲರಿಗೂ ತಟ್ಟೆ ಸಿಕ್ತಾ?” ಎಂದು ಕೂಗಿದಳು ಬ್ರಾನ್ವಿನ್. ಊರಿನ ಗ್ರಂಥಾಲಯದವಳು ಅವಳು. ವೃದ್ಧಾಶ್ರಮದ ಈ ದೊಡ್ಡ ಕೋಣೆಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಅಡುಗೆಮನೆಯಿಂದ ತಂದ ಬಿಸ್ಕತ್ತು ಬೇಯಿಸುವ ತಗಡಿನ ತಟ್ಟೆಗಳನ್ನು ಮುದುಕರಿಗೂ ಮಕ್ಕಳಿಗೂ ಒಂದೊಂದು ಕೊಟ್ಟಾಗಿತ್ತು. ನಡುವಿನ ಮೇಜಿನ ಮೇಲೆ ರಾಶಿ ಸುರಿದಿದ್ದವು ಪದಗಳು, ಸಣ್ಣ ರಟ್ಟಿನ ಚೂರಿಗೊಂದರಂತೆ ಅಚ್ಚಾದವು. ಒಂದೊಂದರ ಬೆನ್ನಿಗೂ ತುಣುಕು ಆಯಸ್ಕಾಂತ.

“ಬರೆಯೋದೇನೂ ಇಲ್ಲ, ಬರೀ ಜೋಡಿಸೋದು. ತಪ್ಪು ಅನ್ನೋದೇ ಇಲ್ಲ. ಯಾವ ಪದದ ಪಕ್ಕ ಯಾವ ಪದ ಕೂರಿಸಿದ್ರೂ ಅವು ಜಗಳ ಆಡಲ್ಲ.”

“ನನ್ನ ಪಕ್ಕ ಕೂರಿಸಿದ್ದೋಳು ನಲವತ್ತು ವರ್ಷ ಆಡಿದ್ಲು ಕಣಮ್ಮ,” ಎಂದ ಡೆಸ್. ಹಿಂದೆ ರೈಲು ಓಡಿಸುತ್ತಿದ್ದ ಮುದುಕ. ಮಕ್ಕಳಿಗಿಂತ ಮೊದಲು ಅವನೇ ನಕ್ಕ.

ಅಪ್ಪನ ಎದುರಿಗೆ ಇಂಡಿ ಎಂಬ ಹುಡುಗಿ ಕೂತಿದ್ದಳು. ಮುಂದಿನ ಹಲ್ಲೆರಡು ಬಿದ್ದು ಹೋಗಿದ್ದವು. ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಅಷ್ಟು ಹೊತ್ತಿಗಾಗಲೇ ಒಂದು ಸಾಲು ಮಾಡಿದ್ದಳು: ‘ದಪ್ಪ ಹಕ್ಕಿ ಐಸ್‌ಕ್ರೀಮು ನುಂಗಿ ಗಣಿತ ಮರೆತಿತು.’ ಅಪ್ಪ ತನ್ನ ಎಡಗೈ ಚಾಚಿ ಆ ಸಾಲಿನ ಎರಡನೆಯ ಪದದ ಮೇಲೆ ಬೆರಳಿಟ್ಟ. ಹುಡುಗಿ ತಟ್ಟೆಯನ್ನು ಸರಕ್ಕನೆ ಎದೆಗವಚಿಕೊಂಡಳು.

“ತಾತಾ, ಅದು ನಂದು! ರಾಶಿಯಲ್ಲಿ ಬೇಕಾದಷ್ಟಿದೆ, ಬೇರೆ ತಗೊಳ್ಳಿ.”

“ಆಯ್ತು,” ಎಂದ ಅಪ್ಪ.

ಅವನಿಗೆ ಉಳಿದಿದ್ದ ಮಾತು ಅದೊಂದೇ. ಚಹ ಕೊಡಲೇ ಅಂದರೂ ಆಯ್ತು, ಬೇಡವೇ ಅಂದರೂ ಆಯ್ತು. ನೋವಾದರೂ, ಸಿಟ್ಟು ಬಂದರೂ ಅದೇ. ಈ ಪೋರ್ಟ್ ಪಿರಿ ಊರಿನ ಸೀಸ ಕರಗಿಸುವ ಕುಲುಮೆಯಲ್ಲಿ ಜೀವಮಾನವೆಲ್ಲ ಗದ್ದಲದ ಮೇಲೆ ಗಂಟಲೆತ್ತಿ ಮಾತಾಡಿದ ಅಪ್ಪ, ಕೊರಾದೊ, ಈಗ ಒಂದೇ ಪದವನ್ನು ಹತ್ತು ರಾಗದಲ್ಲಿ ಹೇಳಿ ದಿನ ದೂಡುತ್ತಿದ್ದ. ಇಲ್ಲಿಯ ದಾದಿಯರು ಅವನನ್ನು ಬಲು ಒಳ್ಳೆಯವನು, ಯಾವುದಕ್ಕೂ ತಕರಾರಿಲ್ಲ ಎಂದು ಹೊಗಳುತ್ತಿದ್ದರು.

ಅವನು ರಾಶಿಗೆ ಕೈಹಾಕಿದ. ಒಂದೊಂದೇ ಪದವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ. ‘ಚಂದ್ರ’ ಬೇಡವಾಯಿತು. ‘ಬೆಣ್ಣೆ’ ಬೇಡವಾಯಿತು. ‘ಪ್ರೀತಿ’ಯನ್ನು ಹುಳು ಬಿದ್ದ ಕಾಳಿನಂತೆ ಪಕ್ಕಕ್ಕೆ ತಳ್ಳಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಒರೆಸಬೇಕು ಎಂದು ಲಿಡಿಯಾಗೆ ಅನ್ನಿಸಿತು. ಅನ್ನಿಸಿದ್ದು ಕೈಯವರೆಗೆ ಇಳಿಯಲಿಲ್ಲ. ಕಿಟಕಿಯಾಚೆ ಕುಲುಮೆಯ ಎತ್ತರದ ಚಿಮಣಿಯಿಂದ ಹೊಗೆ ಕೊಲ್ಲಿಯ ಕಡೆಗೆ ಬಾಗಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

“ಓಹೋ, ಕೊರಾದೊ! ಮುಗಿಸೇಬಿಟ್ರಾ?” ಬ್ರಾನ್ವಿನ್ ಬಂದು ತಟ್ಟೆಯ ಮೇಲೆ ಬಗ್ಗಿದಳು. ಕನ್ನಡಕ ಏರಿಸಿಕೊಂಡು, ಎಲ್ಲರಿಗೂ ಕೇಳುವಂತೆ, ಪದ ಪದಕ್ಕೂ ಉಸಿರು ಬಿಟ್ಟು ಓದಿದಳು:

“ಶನಿವಾರ... ನೀಲಿ... ಕೆಂಪು... ಎಷ್ಟು... ಮನೆ.”

ಆಮೇಲೆ ಯಾರೋ ಚಪ್ಪಾಳೆ ಶುರುಮಾಡಿದರು.

“ನೋಡಿ, ನೋಡಿ! ಮಾತೇ ಆಡದ ಮನುಷ್ಯ!” ಬ್ರಾನ್ವಿನ್‌ಳ ಕಣ್ಣು ನಿಜಕ್ಕೂ ತುಂಬಿತ್ತು. “ಶನಿವಾರದ ಸಂಜೆ, ಕಡಲು ನೀಲಿ, ಆಕಾಶ ಕೆಂಪು, ದಡದ ಉದ್ದಕ್ಕೂ ಎಷ್ಟೊಂದು ಮನೆ. ನನಗಂತೂ ಹಂಗೇ ಕಾಣಿಸ್ತು. ನಿನಗೇನು ಕಾಣಿಸ್ತು ಇಂಡಿ?”

“ಬಣ್ಣ ಬಳಿದಿರೋ ಮನೆ. ಆದ್ರೆ ನಂದರಲ್ಲಿ ಐಸ್‌ಕ್ರೀಮು ಇದೆ.”

“ನಮ್ಮ ಕಾಲದಲ್ಲಿ ಪ್ರಾಸ ಅಂತ ಒಂದಿತ್ತು,” ಎಂದ ಡೆಸ್. “ಇರಲಿ ಬಿಡು ಕೊರಾದೊ, ಭೇಷ್.”

“ಆಯ್ತು,” ಎಂದ ಅಪ್ಪ. ಆದರೆ ಅವನು ನೋಡುತ್ತಿದ್ದದ್ದು ಬ್ರಾನ್ವಿನ್‌ಳನ್ನಲ್ಲ. ಕತ್ತನ್ನು ಕಷ್ಟಪಟ್ಟು ಬಲಕ್ಕೆ ತಿರುಗಿಸಿ ಮಗಳನ್ನು ನೋಡುತ್ತಿದ್ದ.

ಲಿಡಿಯಾಗೆ ಓದಿದ ಕೂಡಲೇ ಗೊತ್ತಾಗಿತ್ತು. ನೀಲಿ ಎಂದರೆ ಕಡಲಲ್ಲ, ಕೆಂಪು ಎಂದರೆ ಆಕಾಶವಲ್ಲ. ಅಪ್ಪನಂತೆ ಪಂದ್ಯದ ಪಾರಿವಾಳ ಸಾಕುವವರು ತಮ್ಮ ಹಕ್ಕಿಗಳನ್ನು ಕರೆಯುವುದೇ ಹಾಗೆ, ರೆಕ್ಕೆಯ ಬಣ್ಣದಿಂದ. ಶನಿವಾರ ಪಂದ್ಯ, ಮೊದಲು ತನ್ನ ಮನೆಗೆ ಹಾರಿ ಬಂದ ಹಕ್ಕಿಗೆ ಗೆಲುವು. ಉತ್ತರದ ಮರುಭೂಮಿಯ ಯಾವುದೋ ಊರಲ್ಲಿ ಬೆಳಕು ಹರಿಯುವಾಗ ಹಕ್ಕಿಗಳನ್ನು ಬಿಟ್ಟರೆ, ಇಲ್ಲಿ ಅಪ್ಪ ಹಿತ್ತಲಲ್ಲಿ ಕಾಳಿನ ಡಬ್ಬಿ ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಿದ್ದ. ಪಾಳಿ ಇದ್ದ ಶನಿವಾರವಾದರೆ ಕುಲುಮೆಯಿಂದ ಫೋನು ಮಾಡುತ್ತಿದ್ದ. ಊಟ ಆಯಿತಾ, ಶಾಲೆ ಹೇಗಿತ್ತು, ಒಂದೂ ಇಲ್ಲ. ಒಂದೇ ಪ್ರಶ್ನೆ: “ಲಿಡಿ, ಎಷ್ಟು ಮನೆಗೆ ಬಂದ್ವು?”

ಪದವಿ ಮುಗಿಸಿ ಅಡಿಲೇಡಿನ ಬಾಡಿಗೆ ಕೋಣೆಯಲ್ಲಿ ಸುಮ್ಮನೆ ಕೂತಿದ್ದವಳು, ಅಪ್ಪ ಬಿದ್ದ ಸುದ್ದಿಗೆ ಊರಿಗೆ ಬಂದಿದ್ದಳು. ಅಪ್ಪ ವೃದ್ಧಾಶ್ರಮ ಸೇರಿದ್ದರಿಂದ ಮನೆ ಬಿಟ್ಟುಕೊಡಬೇಕಾಗಿತ್ತು. ಹಕ್ಕಿಗಳನ್ನು ಪೋರ್ಟ್ ಆಗಸ್ಟಾದ ಕ್ಲೆಮ್ ಎಂಬುವನು ತನ್ನ ಗೂಡಿಗೆ ತೆಗೆದುಕೊಳ್ಳಲು ಒಪ್ಪಿದ. ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೋಗಿ ಕೊಟ್ಟು, ಚಹ ಕುಡಿದು, ಅವಳು ಕಾರು ತಿರುಗಿಸಿದಳು. ಅಲ್ಲಿ ಗೂಡಿನ ಬಾಗಿಲು ಸರಿಯಾಗಿ ಬಿದ್ದಿರಲಿಲ್ಲ. ಅವಳು ಮನೆ ಮುಟ್ಟುವ ಮೊದಲೇ ಅವು ತಗಡಿನ ಛಾವಣಿಯ ಮೇಲೆ ಸಾಲಾಗಿ ಕೂತು ಅವಳ ದಾರಿ ಕಾಯುತ್ತಿದ್ದವು.

“ಬಲಿತ ಹಕ್ಕಿಗೆ ಒಂದೇ ಮನೆ ಕಣಮ್ಮ,” ಎಂದಿದ್ದ ಮಾರನೆಯ ದಿನ ಬಂದ ಕ್ಲೆಮ್. “ಸಾಯೋತನಕ ಕೂಡಿಹಾಕಬೇಕು, ಇಲ್ಲ ಅಂದ್ರೆ... ಇಲ್ಲಿರೋ ನಿಮ್ಮ ಗೂಡು ಕೀಳ್ತಾರಂತಲ್ಲ, ಬೀದಿಪಾಲಾಗಿ ಬೆಕ್ಕಿನ ಬಾಯಿಗೆ ಹೋಗೋದಕ್ಕಿಂತ ವಾಸಿ. ನನ್ನ ಕೈಗೆ ಬರಲ್ಲ ಅವು. ನೀನು ಹಿಡ್ಕೊಡು.” ಅವಳು ಡಬ್ಬಿ ಅಲ್ಲಾಡಿಸಿದಳು. ಒಂದೊಂದೇ ಇಳಿದು ಬಂದವು. ಬೆಚ್ಚಗಿದ್ದವು, ಹಗುರವಾಗಿದ್ದವು. ಅವನು ಬೇಲಿಯ ಕಡೆ ತಿರುಗಿ ಕತ್ತು ಮುರಿದು ಚೀಲಕ್ಕೆ ಹಾಕುತ್ತಿದ್ದ. ಅವಳು ಮತ್ತೆ ಡಬ್ಬಿ ಅಲ್ಲಾಡಿಸುತ್ತಿದ್ದಳು. ಮುಗಿದ ಮೇಲೆ ಒಳಗೆ ಹೋಗಿ ಆಲೂಗಡ್ಡೆ ಸುಲಿದಳು. ಸಿಪ್ಪೆ ತೆಳ್ಳಗೆ, ಎಲ್ಲೂ ಕಡಿಯದೆ ಬಂದಿತ್ತು. ಆಗ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಇಲ್ಲಿಗೆ ಬಂದಾಗಲೆಲ್ಲ “ಹಕ್ಕಿ ಎಲ್ಲಾ ಚೆನ್ನಾಗಿವೆ ಅಪ್ಪ” ಎನ್ನುತ್ತಿದ್ದಳು. ಅವನು “ಆಯ್ತು” ಎನ್ನುತ್ತಿದ್ದ.

“ಇದನ್ನ ಹಿಂಗೇ ಗ್ರಂಥಾಲಯದ ಗೋಡೆಗೆ ಹಾಕ್ತೀವಿ,” ಎನ್ನುತ್ತ ಬ್ರಾನ್ವಿನ್ ಫೋನು ಹೊರತೆಗೆದಳು. “ಲಿಡಿಯಾ, ನೀನೂ ಅಪ್ಪನ ಹತ್ರ ಬಾಗು. ಸ್ವಲ್ಪ ನಗಮ್ಮ.”

ಲಿಡಿಯಾ ಬಾಗಿದಳು. ತುಟಿ ತಾನಾಗಿಯೇ ನಗೆಯ ಆಕಾರಕ್ಕೆ ಬಂದಿತು.

ಅಪ್ಪ ತಟ್ಟೆಯ ಮೇಲೆ ಅಂಗೈ ಅಪ್ಪಳಿಸಿದ. ಪದಗಳು ಎಗರಿದವು. ಇಂಡಿ ಬೆಚ್ಚಿ ಹಿಂದಕ್ಕೆ ಸರಿದಳು. “ಆಯ್ತು! ಆಯ್ತು! ಆಯ್ತು!” ಅವನ ಬಾಯಿಂದ ಎಂಜಲು ಸಿಡಿಯಿತು. ಒಬ್ಬ ದಾದಿ ಓಡಿಬಂದಳು. ಅವನು ಅವಳನ್ನು ಮೊಣಕೈಯಿಂದ ತಡೆದು, ಚೆದುರಿದ ಪದಗಳಲ್ಲಿ ಎರಡನ್ನು ಮಾತ್ರ ಹುಡುಕಿ ಎಳೆದು, ಪಕ್ಕಪಕ್ಕಕ್ಕೆ ನೂಕಿ, ಮಿಕ್ಕಿದ್ದನ್ನೆಲ್ಲ ನೆಲಕ್ಕೆ ಗುಡಿಸಿದ.

ಎಷ್ಟು ಮನೆ.

“ಅಯ್ಯೋ, ತಿದ್ದಿದ್ರು ನೋಡಿ!” ಬ್ರಾನ್ವಿನ್ ಪಿಸುಗುಟ್ಟಿದಳು. “ಇನ್ನೂ ಬಿಗಿಯಾಯ್ತು. ಇದೇ ಚೆಂದ. ಇದನ್ನೇ ಹಾಕೋಣ ಅಲ್ವಾ?”

ಎಲ್ಲರೂ ತಲೆಯಾಡಿಸಿದರು. ಡೆಸ್ ಕೂಡ. ಮತ್ತೆ ಚಪ್ಪಾಳೆ ಬಿತ್ತು, ಈ ಸಲ ಮೆಲ್ಲಗೆ, ಚರ್ಚಿನಲ್ಲಿ ಹೊಡೆದ ಹಾಗೆ. ಅಪ್ಪನ ಕಣ್ಣು ಮಗಳ ಮುಖದಿಂದ ಕದಲಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಆ ಕೋಣೆಯಲ್ಲಿ ಅದು ಪ್ರಶ್ನೆ ಎಂದು ತಿಳಿದವರು ಇಬ್ಬರೇ.

“ಅದು ಕವಿತೆ ಅಲ್ಲ,” ಎಂದಳು ಲಿಡಿಯಾ.

ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಚಪ್ಪಾಳೆಯಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. “ಏನಮ್ಮ?” ಎಂದಳು ಬ್ರಾನ್ವಿನ್, ಫೋನು ಹಿಡಿದ ಹಾಗೆಯೇ.

ಲಿಡಿಯಾ ಕುರ್ಚಿಯಿಂದ ಇಳಿದು, ನೆಲದ ಮೇಲೆ ಚೆಲ್ಲಿದ್ದ ಪದಗಳ ನಡುವೆ, ಅಪ್ಪನ ಮುಖಕ್ಕೆ ನೇರವಾಗಿ ಮಂಡಿಯೂರಿದಳು.

“ಒಂದೂ ಉಳಿದಿಲ್ಲ ಅಪ್ಪ,” ಎಂದಳು. “ಎಲ್ಲಾ ಮನೆಗೆ ಬಂದಿದ್ವು. ನಾನೇ ಹಿಡಿದುಕೊಟ್ಟೆ.”