ಹುಲೆಪ್ಪನ ಹಲ್ಲಿಗೆ ನೂರಕ್ಕೆ ಆರು

ಆಳಂದ ರಸ್ತೆಯ ಆ ತೊಗರಿ ದಾಲ್‌ಮಿಲ್ಲಿನಲ್ಲಿ ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಎಂಬುದನ್ನು ಇನ್ನು ಕಂಪ್ಯೂಟರೇ ತೀರ್ಮಾನಿಸುತ್ತದೆ ಎಂದು ಮಾಲೀಕರು ಹೇಳಿದಾಗ ಎಚ್‌ಆರ್ ಮ್ಯಾನೇಜರ್ ಪ್ರಮಿಲಾಗೆ ಖುಷಿಯೇ ಆಯಿತು. ಎಂಟು ವರ್ಷದಿಂದ ಎಲ್ಲರ ಬೈಗುಳ ತಿಂದವಳು ಅವಳು. ಇನ್ನು ಅದು ತಿನ್ನಲಿ ಬಿಡು ಅಂದುಕೊಂಡಳು.

ಕಂಪ್ಯೂಟರು ವಾರ್ತೆ ಓದುವವರ ಕನ್ನಡದಲ್ಲಿ ಸಂದರ್ಶನ ಮಾಡುತ್ತಿತ್ತು. ಕಣ್ಣಿಲ್ಲ, ಕಿವಿ ಮಾತ್ರ. ಪ್ರತಿಯೊಬ್ಬರಿಗೂ ಎರಡು ಅವಕಾಶ. ಮೊದಲ ಸರದಿ ಹುಲೆಪ್ಪನದು. ತೊಗರಿ ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಕಡಿದು, ಒಡೆಯಲು ತಯಾರೋ, ಇನ್ನೊಂದು ಬಿಸಿಲು ಬೇಕೋ ಎಂದು ಹೇಳುವ ಮನುಷ್ಯ. ಅವನ ಮಾತು ತಪ್ಪಿದ್ದನ್ನು ಯಾರೂ ಕಂಡಿಲ್ಲ.

"ನಿಮ್ಮ ವಿಶೇಷ ಕೌಶಲವನ್ನು ತಿಳಿಸಿ."

ಹುಲೆಪ್ಪ ಟೋಪಿ ತೆಗೆದು ಕೈಮುಗಿದ. "ನಂದೇನದರಿ. ನಾಕ್ ಮಂದ್ಯಾಗ ನಾನೂ ಒಬ್ಬಾವ."

"ನಿಮ್ಮನ್ನೇ ಏಕೆ ಆಯ್ಕೆ ಮಾಡಬೇಕು?"

"ಮಾಡ್ಲೇಬೇಕಂತ ಏನಿಲ್ರಿ. ನಿಮ್ಮ ಮರ್ಜಿ."

ನೂರಕ್ಕೆ ಆರು! ಮೂವತ್ತು ಜನರಲ್ಲಿ ಇಪ್ಪತ್ತೆಂಟು ಮಂದಿ ಇದೇ ರಾಗ ಎಳೆದು ಫೇಲಾದರು. ಪಾಸಾದ ಇಬ್ಬರು ಮಿಲ್ಲಿಗೆ ಬಂದು ವಾರವೂ ಆಗಿರಲಿಲ್ಲ. ಈ ಸೀಮೆಯಲ್ಲಿ ಹೆಣ್ಣು ನೋಡಲು ಹೋದ ಗಂಡು ಕೂಡ ತನ್ನ ಬಗ್ಗೆ ಬಾಯಿ ಬಿಡುವುದಿಲ್ಲ. ಹೊಗಳಲು ಸೋದರಮಾವ ಜೊತೆಗೆ ಬಂದಿರುತ್ತಾನೆ. ಇದನ್ನು ಆ ಪೆಟ್ಟಿಗೆಗೆ ಯಾರು ತಿಳಿಸಿ ಹೇಳಬೇಕು?

ಸೋದರಮಾವ ನೆನಪಾದದ್ದೇ ತಡ, ಪ್ರಮಿಲಾಗೆ ದಾರಿ ಹೊಳೆಯಿತು. ಎರಡನೇ ಅವಕಾಶಕ್ಕೆ ಹುಲೆಪ್ಪನ ಕುರ್ಚಿಯಲ್ಲಿ ಕಾಳು ಹಸನು ಮಾಡುವ ಖಾಸೀಂಬಿಯನ್ನು ಕೂರಿಸಿದಳು.

"ಅರೇ, ಹುಲೆಪ್ಪಣ್ಣನ ಬಗ್ಗ ಕೇಳಾಕತ್ತೀಯೇನು?" ಎಂದು ಖಾಸೀಂಬಿ ಶುರುಮಾಡಿದಳು. "ಅವ ಕಡದು ಹ್ಞೂಂ ಅಂದ ಕಾಳು ಒಂದರ ನುಚ್ಚಾಗೇದೇನು? ನಿನಗ ಹಲ್ಲರ ಅದಾವೇನು?"

ಹುಲೆಪ್ಪ ನಾಚಿ ಹೊರಗೆ ಓಡಿದ. ತೊಂಬತ್ತೆರಡು ಅಂಕ ಬಂತು. ಹೀಗೆ ಒಬ್ಬರಿಗೊಬ್ಬರು ಸೋದರಮಾವನಾಗಿ ಸಂಜೆಯೊಳಗೆ ಎಲ್ಲರೂ ಪಾಸು.

ಅಷ್ಟರಲ್ಲಿ ಮಾಲೀಕರ ಫೋನು. "ಪ್ರಮಿಲಾ, ನೀವೂ ಕುಂದರ್ರಿ. ಎಲ್ಲಾ ಕಂಪ್ಯೂಟರೇ ಮಾಡಿದ್ರ ಎಚ್‌ಆರ್ ಯಾಕ ಬೇಕು ಅನ್ನೋದೂ ಗೊತ್ತಾಗ್ಲಿ."

ಪ್ರಮಿಲಾ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಧೈರ್ಯವಿತ್ತು. ಸಂದರ್ಶನದಲ್ಲಿ ಹೇಗೆ ಉತ್ತರಿಸಬೇಕೆಂದು ಕಾಲೇಜುಗಳಿಗೆ ಹೋಗಿ ಭಾಷಣ ಮಾಡಿ ಬಂದವಳಲ್ಲವೇ?

"ನಿಮ್ಮ ಸಾಧನೆಗಳನ್ನು ತಿಳಿಸಿ."

ಹುಟ್ಟಿ ಬೆಳೆದದ್ದು ಇದೇ ಸೀಮೆಯ ನರೋಣಾದಲ್ಲಿ. ಬಾಯಿ ತೆರೆದರೆ ಬಂದದ್ದು ಅದೇ. "ನಂದೇನದರಿ. ಎಲ್ಲಾರೂ ಕೂಡಿ ಮಾಡ್ತಾರ."

ಒಂಬತ್ತು ಅಂಕ. ಎರಡನೇ ಸಲವೂ ನಾಲಿಗೆ ಅದನ್ನೇ ಹೇಳುತ್ತದೆಂದು ಅವಳಿಗೆ ಗೊತ್ತಿತ್ತು. ಆ ಅವಕಾಶ ಬಿಟ್ಟು ಮನೆಗೆ ಹೋಗಿ ಅತ್ತಳು. ಮರುದಿನ ತನ್ನ ಸಾಮಾನು ತೆಗೆದುಕೊಂಡು ಹೋಗಲೆಂದೇ ಮಿಲ್ಲಿಗೆ ಬಂದಳು.

ಅವಳ ಕೋಣೆಯಲ್ಲಿ, ಕಂಪ್ಯೂಟರಿನ ಎದುರು, ಹುಲೆಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಟೋಪಿ ತಲೆಯ ಮೇಲೇ ಇತ್ತು.

"...ನನ್ನ ಹೇಣ್ತಿ ದವಾಖಾನ್ಯಾಗ ಇದ್ದಾಗ ಮಾಲಕರ ಕೂಡ ಜಗಳಾಡಿ ರಜಾ ಕೊಡಿಸಿದಾರು ಯಾರು? ನಮ್ಮ ಮೇಡಂ! ಕಾಳು ಕೇರೋ ಮಾಳಮ್ಮನ ಕೂಸಿಗಿ ನೆರಳಿಲ್ಲಂತ ತಮ್ಮ ಕ್ವಾಣಿನೇ ಬಿಟ್ಟುಕೊಟ್ಟಾರು ಯಾರು? ಬರ್ಕೋ!"

"ನಿಮ್ಮ ಸಮಯ ಮುಗಿಯಿತು. ಧನ್ಯವಾದಗಳು."

"ಕುಂದರಪಾ, ಎಲ್ಲಿ ಹೊಂಟಿ?" ಎಂದ ಹುಲೆಪ್ಪ. "ಮೇಡಮ್ಮನ ಎಂಟು ವರ್ಷದಾಗ ನಾ ಇನ್ನಾ ಎರಡನೇ ವರ್ಷಕ್ಕ ಬಂದೇನಿ."

ಪ್ರಮಿಲಾ ಹಿಂದಕ್ಕೆ ತಿರುಗಿ ನೋಡಿದಳು. ಖಾಸೀಂಬಿಯಿಂದ ಹಿಡಿದು ಗೇಟಿನವರೆಗೆ ಜನ ಅಷ್ಟರಲ್ಲೇ ಬಂದು ಸರದಿಯಲ್ಲಿ ನಿಂತಿದ್ದರು.